ಬಿಡುವಿಲ್ಲದವರ ಅಡುಗೆ: ವಾರಕ್ಕೆ ಎರಡು ಗಂಟೆಯ ತಯಾರಿ, ಸಂಜೆಗೆ ಹದಿನೈದು ನಿಮಿಷ

ಸಂಜೆಯ ಅಡುಗೆಗೆ ಹಿಡಿಯುವ ಸಮಯವನ್ನು ಒಮ್ಮೆ ಗಡಿಯಾರವಿಟ್ಟುಕೊಂಡು ಅಳೆದು ನೋಡಬೇಕು. ಏನು ಮಾಡುವುದೆಂದು ಯೋಚಿಸುವುದು, ಮನೆಯಲ್ಲಿ ಏನಿದೆಯೆಂದು ಹುಡುಕುವುದು, ತೊಳೆಯುವುದು, ಸಿಪ್ಪೆ ತೆಗೆಯುವುದು, ಹೆಚ್ಚುವುದು, ನೆನೆಹಾಕಲು ಮರೆತ ಕಾಳಿನ ಬದಲಿಗೆ ಬೇರೇನಾದರೂ ಹೊಂದಿಸುವುದು, ಇಷ್ಟರಲ್ಲೇ ಹೆಚ್ಚಿನ ಹೊತ್ತು ಕಳೆದುಹೋಗುತ್ತದೆ. ನಾನು ಹೀಗೆ ಒಂದು ವಾರ ಬರೆದಿಟ್ಟುಕೊಂಡಾಗ, ಐವತ್ತು ನಿಮಿಷ ಹಿಡಿದ ಒಂದು ಊಟಕ್ಕೆ ಒಲೆಯ ಮುಂದೆ ನಿಜವಾಗಿ ನಿಂತಿದ್ದು ಹನ್ನೆರಡೇ ನಿಮಿಷ ಎಂಬುದು ಕಂಡುಬಂತು. ಆದ್ದರಿಂದ ಬೇಗ ಬೇಯುವ ಪದಾರ್ಥಗಳನ್ನು ಹುಡುಕುವುದಕ್ಕಿಂತ, ಬೇಯಿಸುವ ಮುಂಚಿನ ಕೆಲಸವನ್ನು ದಣಿವಿಲ್ಲದ ಬೇರೊಂದು ಹೊತ್ತಿಗೆ ಸರಿಸಿಕೊಳ್ಳುವುದೇ ಹೆಚ್ಚು ಫಲ ಕೊಡುತ್ತದೆ.

ಇದನ್ನು ಮನಗಂಡ ಹಲವರು ರಜೆಯ ದಿನ ನಾಲ್ಕು ಗಂಟೆ ಅಡುಗೆಮನೆಯಲ್ಲಿ ನಿಂತು, ಏಳೂ ದಿನಗಳ ಊಟವನ್ನು ಒಟ್ಟಿಗೆ ಮಾಡಿ ಡಬ್ಬಿಗಳಲ್ಲಿ ತುಂಬಿಡುತ್ತಾರೆ. ಈ ಕ್ರಮ ನನಗೆ ಒಪ್ಪಿಗೆಯಾಗಿಲ್ಲ. ಬೇಯಿಸಿದ ಆಹಾರವನ್ನು ಫ್ರಿಜ್ಜಿನಲ್ಲಿ ನಿಶ್ಚಿಂತೆಯಿಂದ ಇಡಬಹುದಾದದ್ದು ಮೂರರಿಂದ ನಾಲ್ಕು ದಿನ ಮಾತ್ರ. ಭಾನುವಾರ ಮಾಡಿದ್ದು ಶುಕ್ರವಾರದವರೆಗೆ ಬರುವುದಿಲ್ಲ. ಅದೂ ಅಲ್ಲದೆ ಮೂರನೆಯ ದಿನವೂ ಅದೇ ರುಚಿಯ ಡಬ್ಬಿಯನ್ನು ತೆರೆಯಬೇಕಾದಾಗ ಕೈ ತಾನಾಗಿಯೇ ಹೊರಗಿನಿಂದ ಊಟ ತರಿಸುವತ್ತ ಹೋಗುತ್ತದೆ. ವಾರಕ್ಕೆ ಎರಡು ಬಾರಿ, ಉದಾಹರಣೆಗೆ ಭಾನುವಾರ ಮತ್ತು ಬುಧವಾರ, ಒಂದೊಂದು ಗಂಟೆ ಮೀಸಲಿಟ್ಟು ಊಟದ ಬಿಡಿಭಾಗಗಳನ್ನಷ್ಟೇ ಸಿದ್ಧಪಡಿಸಿಟ್ಟರೆ ಈ ಎರಡು ತೊಂದರೆಗಳೂ ತಪ್ಪುತ್ತವೆ. ಉಪ್ಪು ಮಾತ್ರ ಹಾಕಿ ಬೇಯಿಸಿಟ್ಟ ಕಡಲೆ ಒಂದು ಸಂಜೆ ಟೊಮೆಟೊ ಜೊತೆ ಕುದಿಯಬಹುದು, ಮರುದಿನ ನಿಂಬೆರಸದೊಂದಿಗೆ ತಣ್ಣಗೆ ಬಟ್ಟಲಿಗೆ ಬರಬಹುದು. ಮಸಾಲೆ ಹಾಕಿ ಮುಗಿಸಿಟ್ಟ ಕಡಲೆಗೆ ಆ ಸ್ವಾತಂತ್ರ್ಯವಿಲ್ಲ.

ತಟ್ಟೆಯಲ್ಲಿ ಏನಿರಬೇಕು

ಆರೋಗ್ಯಕರ ಊಟ ಎಂಬುದಕ್ಕೆ ಲೆಕ್ಕಪತ್ರ ಇಟ್ಟುಕೊಳ್ಳುವ ಅಗತ್ಯವಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯು 2011ರಲ್ಲಿ ಪ್ರಕಟಿಸಿದ ತಟ್ಟೆಯ ಚಿತ್ರ ಇಂದಿಗೂ ಬಹಳ ಅನುಕೂಲಕರವಾಗಿದೆ: ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಹಣ್ಣು, ಕಾಲು ಭಾಗ ಇಡೀ ಧಾನ್ಯ, ಉಳಿದ ಕಾಲು ಭಾಗ ಕಾಳು, ಮೊಟ್ಟೆ, ಮೀನು, ಕೋಳಿಮಾಂಸದಂತಹ ಪ್ರೋಟೀನ್. ಅವಸರದ ಅಡುಗೆಯಲ್ಲಿ ಮೊದಲು ತಪ್ಪಿಹೋಗುವುದು ತರಕಾರಿ, ನಂತರ ಪ್ರೋಟೀನ್. ಧಾನ್ಯ ಮಾತ್ರ ಯಾವತ್ತೂ ತಪ್ಪುವುದಿಲ್ಲ. ಹಾಗಾಗಿ ತಯಾರಿಯ ಗಂಟೆಯನ್ನು ಮೊದಲೆರಡಕ್ಕೆ ಕೊಟ್ಟು, ಧಾನ್ಯವನ್ನು ಸಂಜೆಗೇ ಬಿಡುವುದು ವಾಸಿ.

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರೋಟೀನಿನ ವಿಷಯದಲ್ಲಿ ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಎಂಬ ಮಟ್ಟವನ್ನು ಅದು ಸೂಚಿಸುತ್ತದೆ. ಅರವತ್ತು ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ ಆಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಬೇಯಿಸಿದ ಒಂದು ಲೋಟ ಕಡಲೆಕಾಳಿನಲ್ಲಿ ಸುಮಾರು 14 ಗ್ರಾಂ ಪ್ರೋಟೀನ್ ಇರುತ್ತದೆ ಎಂಬ ಎರಡು ಅಂಕಿಗಳು ನೆನಪಿದ್ದರೆ ಉಳಿದದ್ದನ್ನು ಅಂದಾಜು ಮಾಡಿಕೊಳ್ಳಬಹುದು. ಕಾಳು ಮತ್ತು ಸೊಪ್ಪುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ. ಅದೇ ಊಟದಲ್ಲಿ ನಿಂಬೆರಸ, ಟೊಮೆಟೊ ಅಥವಾ ದೊಣ್ಣೆಮೆಣಸಿನಕಾಯಿಯಂತಹ ವಿಟಮಿನ್ ಸಿ ಇರುವ ಪದಾರ್ಥವಿದ್ದರೆ ಹೀರಿಕೆ ಹೆಚ್ಚುತ್ತದೆ, ಊಟದ ಜೊತೆಗೇ ಚಹಾ ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ಬಡಿಸುವ ಮುನ್ನ ಹಿಂಡುವ ಅರ್ಧ ನಿಂಬೆಹಣ್ಣು ರುಚಿಯ ಜೊತೆಗೆ ಈ ಕೆಲಸವನ್ನೂ ಮಾಡುತ್ತದೆ.

ತಯಾರಿಯ ಒಂದು ಗಂಟೆ

ತಯಾರಿ ಆರಂಭವಾಗುವುದು ಹಿಂದಿನ ರಾತ್ರಿ. ಒಂದೂವರೆ ಲೋಟ ಕಡಲೆಕಾಳು ಅಥವಾ ರಾಜ್ಮಾವನ್ನು ಮೂರು ಪಟ್ಟು ನೀರಿನಲ್ಲಿ ನೆನೆಹಾಕಿ ಮಲಗಿದರೆ ಬೆಳಿಗ್ಗೆ ಅದು ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ. ನೆನೆಯುವ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಕಾಳಿನ ಸಿಪ್ಪೆ ಮೆತ್ತಗಾಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಬೇಯುವುದನ್ನು ನಿಜವಾಗಿ ತಡೆಯುವುದು ಹುಳಿ. ಟೊಮೆಟೊ, ನಿಂಬೆರಸ, ವಿನೆಗರ್ ಇವುಗಳನ್ನು ಕಾಳು ಪೂರ್ತಿ ಮೆತ್ತಗಾದ ಮೇಲೆಯೇ ಸೇರಿಸಬೇಕು. ನೆನೆಹಾಕಲು ಮರೆತಿದ್ದರೆ ಕಡಲೆಕಾಳನ್ನು ಎರಡು ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಬಿಟ್ಟರೆ ರಾತ್ರಿಯಿಡೀ ನೆನೆಸಿದ್ದಕ್ಕೆ ಹತ್ತಿರದ ಫಲಿತಾಂಶ ಸಿಗುತ್ತದೆ.

ಬೆಳಿಗ್ಗೆ ನೆನೆದ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ ಪ್ರೆಷರ್ ಕುಕ್ಕರಿನಲ್ಲಿ ಇಡಬೇಕು. ಸಾಮಾನ್ಯ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕುಕ್ಕರಿನೊಳಗಿನ ಒತ್ತಡದಲ್ಲಿ ಅದು ಸುಮಾರು 120 ಡಿಗ್ರಿಯವರೆಗೆ ಏರುವುದರಿಂದ, ಹೊರಗೆ ಒಂದು ಗಂಟೆಗೂ ಹೆಚ್ಚು ಬೇಕಾಗುವ ಕಡಲೆ ಇಲ್ಲಿ ಒತ್ತಡ ಏರಿದ ನಂತರ ಹದಿನೈದು ನಿಮಿಷಗಳಲ್ಲಿ ಬೇಯುತ್ತದೆ. ಇಲ್ಲಿ ರಾಜ್ಮಾದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ವರ್ಗದ ಒಂದು ವಿಷಾಂಶವಿದ್ದು, ಅರೆಬೆಂದ ನಾಲ್ಕೈದು ಕಾಳುಗಳೇ ವಾಂತಿ ಭೇದಿ ತರಬಲ್ಲವು. ಕನಿಷ್ಠ ಐದು ಗಂಟೆ ನೆನೆಸಿ, ನೀರು ಬದಲಿಸಿ, ತೆರೆದ ಪಾತ್ರೆಯಾದರೆ ಮೊದಲ ಅರ್ಧ ಗಂಟೆ ಜೋರಾಗಿ ಕುದಿಸಿ ಬೇಯಿಸಿದರೆ ಅದು ನಾಶವಾಗುತ್ತದೆ. ಮಂದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಗಳ ಶಾಖ ಇದಕ್ಕೆ ಸಾಲದು; ಹಸಿ ರಾಜ್ಮಾವನ್ನು ಅವುಗಳಿಗೆ ನೇರವಾಗಿ ಹಾಕಲೇಬಾರದು.

ಕುಕ್ಕರ್ ತನ್ನ ಕೆಲಸ ಮಾಡುತ್ತಿರುವಾಗ ಕೈಗೆ ಬಿಡುವಿದೆ. ಪಕ್ಕದ ಒಲೆಯಲ್ಲಿ ಆರು ಮೊಟ್ಟೆಗಳನ್ನು ಹತ್ತರಿಂದ ಹನ್ನೆರಡು ನಿಮಿಷ ಬೇಯಿಸಿ ತಣ್ಣೀರಿಗೆ ಹಾಕಬಹುದು. ಸಿಪ್ಪೆ ತೆಗೆಯದೆ ಫ್ರಿಜ್ಜಿನಲ್ಲಿಟ್ಟರೆ ಅವು ಒಂದು ವಾರ ಇರುತ್ತವೆ. ನಂತರ ತರಕಾರಿ. ಕ್ಯಾರೆಟ್, ಬೀನ್ಸ್, ಎಲೆಕೋಸು, ಹೂಕೋಸು ಇವುಗಳನ್ನು ಹೆಚ್ಚಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಮುಂದಿನ ತಯಾರಿಯ ದಿನದವರೆಗೆ ಬರುತ್ತವೆ. ಸೌತೆಕಾಯಿ ಮತ್ತು ಟೊಮೆಟೊ ಹೆಚ್ಚಿಟ್ಟರೆ ನೀರು ಬಿಟ್ಟು ಕೆಡುತ್ತವೆ, ಅವುಗಳನ್ನು ಆಯಾ ಸಂಜೆಯೇ ಹೆಚ್ಚಬೇಕು. ಸೊಪ್ಪನ್ನು ತೊಳೆದು, ನೀರಿನ ಪಸೆ ಪೂರ್ತಿ ಆರಿಸಿ, ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಬೇಕು. ಸೊಪ್ಪು ಕೊಳೆಯುವುದು ಎಲೆಯ ಮೇಲೆ ಉಳಿದ ನೀರಿನಿಂದ. ಓವನ್ ಇರುವವರು ಹೆಚ್ಚಿದ ತರಕಾರಿಯ ಒಂದು ಪಾಲನ್ನು ಎರಡು ಚಮಚ ಎಣ್ಣೆ ಸವರಿ, 200 ಡಿಗ್ರಿಯಲ್ಲಿ ಇಪ್ಪತ್ತೈದರಿಂದ ಮೂವತ್ತು ನಿಮಿಷ ಸುಟ್ಟುಕೊಳ್ಳಬಹುದು. ತಟ್ಟೆಯಲ್ಲಿ ತುಂಡುಗಳು ಒಂದರ ಮೇಲೊಂದು ಬಿದ್ದಿದ್ದರೆ ಅವು ತಮ್ಮದೇ ಆವಿಯಲ್ಲಿ ಬೆಂದು ಸಪ್ಪೆಯಾಗುತ್ತವೆ. ಬಿಡಿಬಿಡಿಯಾಗಿ ಹರಡಿದರೆ ಮಾತ್ರ ಅಂಚು ಕಂದಾಗಿ ಸಿಹಿಯೂ ಘಮವೂ ಬರುತ್ತವೆ. ಬಾಣಲೆಗೂ ಇದೇ ಮಾತು ಅನ್ವಯಿಸುತ್ತದೆ.

ಕೊನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಕಾರಿಯಾದದ್ದು, ಒಂದು ಸಣ್ಣ ಸೀಸೆಯಷ್ಟು ಗಟ್ಟಿ ಗೊಜ್ಜು. ಹುರಿದ ಶೇಂಗಾ ಅಥವಾ ಎಳ್ಳನ್ನು ನುಣ್ಣಗೆ ಅರೆದು, ನಿಂಬೆರಸ, ಉಪ್ಪು, ಸ್ವಲ್ಪ ಮೆಣಸಿನ ಪುಡಿ ಸೇರಿಸಿ ನೀರಿನಿಂದ ಹದಮಾಡಿದರೆ ಸಾಕು. ಬೆಂದ ಕಾಳು, ಸುಟ್ಟ ತರಕಾರಿ, ನಿನ್ನೆಯ ಪಾಸ್ತಾ, ಯಾವುದರ ಮೇಲೆ ಎರಡು ಚಮಚ ಹಾಕಿದರೂ ಅದು ಉಳಿಕೆಯೆಂದು ಅನಿಸದೆ ಹೊಸದಾಗಿ ಮಾಡಿದ ಊಟವಾಗುತ್ತದೆ. ಇದಕ್ಕೆ ಹಸಿ ಬೆಳ್ಳುಳ್ಳಿ ಸೇರಿಸುವವರು ತಪ್ಪದೆ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಗಳಲ್ಲಿ ಮುಗಿಸಬೇಕು. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದಂತೂ ಬಾಟುಲಿಸಂ ಎಂಬ ಮಾರಕ ವಿಷಬಾಧೆಗೆ ದಾರಿಯಾಗಬಲ್ಲದು.

ತಣಿಸುವುದು ಮತ್ತು ಕಾಪಿಡುವುದು

ಮುಂಚಿತವಾಗಿ ಬೇಯಿಸುವವರು ಕಲಿಯಲೇಬೇಕಾದ ಕೌಶಲ ಬೇಗನೆ ತಣಿಸುವುದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಆದ್ದರಿಂದ ಬೇಯಿಸಿದ ಆಹಾರ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಹೊರಗಿನ ಶಾಖ 32 ಡಿಗ್ರಿ ಮೀರಿದ್ದರೆ ಒಂದು ಗಂಟೆಯೊಳಗೆ. ದೊಡ್ಡ ಪಾತ್ರೆಯಲ್ಲಿ ಹಾಗೆಯೇ ಬಿಟ್ಟ ಕಾಳಿನ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕಿಂತ ಹೆಚ್ಚಿಲ್ಲದಂತೆ ಹರಡಿದರೆ, ಅಥವಾ ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಆಗಾಗ ಕೈಯಾಡಿಸಿದರೆ, ಅರ್ಧ ಗಂಟೆಯಲ್ಲಿ ಆ ಕೆಲಸ ಮುಗಿಯುತ್ತದೆ. ಫ್ರಿಜ್ಜಿನೊಳಗಿನ ಶಾಖ 5 ಡಿಗ್ರಿಗಿಂತ ಕಡಿಮೆ ಇದೆಯೇ ಎಂಬುದನ್ನು ಒಂದು ಸಣ್ಣ ಥರ್ಮಾಮೀಟರ್ ಇಟ್ಟು ಒಮ್ಮೆಯಾದರೂ ನೋಡುವುದು ಒಳ್ಳೆಯದು. ಕಿಕ್ಕಿರಿದು ತುಂಬಿದ ಫ್ರಿಜ್ಜಿನಲ್ಲಿ ಅದು ಹಾಗಿರುವುದಿಲ್ಲ.

ಅನ್ನದ ವಿಷಯದಲ್ಲಿ ಇನ್ನಷ್ಟು ಬಿಗಿ ಬೇಕು. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಉಳಿದಾಗ ಅವು ಮೊಳೆತು ವಿಷವನ್ನು ಉತ್ಪಾದಿಸುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನವನ್ನು ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿಗಿಟ್ಟು ಮರುದಿನವೇ ಮುಗಿಸುವುದು, ಇಲ್ಲವೇ ಒಂದೊಂದು ಊಟಕ್ಕಾಗುವಷ್ಟನ್ನು ಬೇರೆ ಬೇರೆಯಾಗಿ ಫ್ರೀಜರಿನಲ್ಲಿಡುವುದು ಕ್ಷೇಮ. ಉಳಿದ ಯಾವ ಪದಾರ್ಥವನ್ನಾದರೂ ಮತ್ತೆ ಬಿಸಿ ಮಾಡುವಾಗ ಹಬೆಯಾಡುವಷ್ಟು, ಅಂದರೆ ಒಳಗಿನವರೆಗೂ 74 ಡಿಗ್ರಿ ಆಗುವಷ್ಟು, ಬಿಸಿ ಮಾಡಬೇಕು. ತಿನ್ನುವಷ್ಟನ್ನು ಮಾತ್ರ ತೆಗೆದು ಬಿಸಿ ಮಾಡಬೇಕೇ ಹೊರತು ಇಡೀ ಡಬ್ಬಿಯನ್ನು ಮತ್ತೆ ಮತ್ತೆ ಬಿಸಿ ಮಾಡಿ ತಣಿಸಬಾರದು.

ಸಂಜೆಯ ಹದಿನೈದು ನಿಮಿಷ

ಇಷ್ಟು ಕೈಯಲ್ಲಿದ್ದರೆ ಸಂಜೆಯ ಕೆಲಸ ಜೋಡಣೆಯದ್ದು ಮಾತ್ರ. ಮನೆಗೆ ಬಂದ ಕೂಡಲೇ, ಬಟ್ಟೆ ಬದಲಿಸುವುದಕ್ಕೂ ಮುಂಚೆ, ಧಾನ್ಯಕ್ಕೆ ನೀರಿಡುವುದು ನನ್ನ ಅಭ್ಯಾಸ. ಬಿಳಿ ಅಕ್ಕಿಗೆ ಹದಿನೈದರಿಂದ ಹದಿನೆಂಟು ನಿಮಿಷ, ಗೋಧಿ ನುಚ್ಚಿಗೆ ಹೆಚ್ಚುಕಡಿಮೆ ಅಷ್ಟೇ, ಪಾಸ್ತಾಕ್ಕೆ ಎಂಟರಿಂದ ಹನ್ನೆರಡು ನಿಮಿಷ ಬೇಕು. ಪಾಲಿಷ್ ಮಾಡದ ಅಕ್ಕಿಗೆ ಮುಕ್ಕಾಲು ಗಂಟೆ ಹಿಡಿಯುವುದರಿಂದ ಅದನ್ನು ತಯಾರಿಯ ದಿನ ಬೇಯಿಸಿ ಫ್ರೀಜರಿನಲ್ಲಿಡುವುದು ಸೂಕ್ತ.

ಮೊದಲನೆಯ ಸಂಜೆಗೆ ಕಡಲೆ ಮತ್ತು ಸೊಪ್ಪು. ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಮತ್ತು ಅರ್ಧ ಚಮಚ ಜೀರಿಗೆಯನ್ನು ಅರ್ಧ ನಿಮಿಷ ಬಾಡಿಸಿ, ಎರಡು ಟೊಮೆಟೊಗಳನ್ನು ಹೆಚ್ಚಿ ಹಾಕಿ, ಅವು ಕರಗುವವರೆಗೆ ಐದು ನಿಮಿಷ ಬಿಟ್ಟು, ಎರಡು ಲೋಟ ಬೆಂದ ಕಡಲೆಯನ್ನು ಅದರ ಕಟ್ಟಿನ ಸಮೇತ ಸೇರಿಸಿ ಕುದಿಸಬೇಕು. ಕಾಲು ಭಾಗ ಕಡಲೆಯನ್ನು ಸೌಟಿನ ಹಿಂಬದಿಯಿಂದ ಹಿಸುಕಿದರೆ ಕೆನೆಯಿಲ್ಲದೆಯೇ ಗಟ್ಟಿಯಾಗುತ್ತದೆ. ಎರಡು ಹಿಡಿ ಪಾಲಕ್ ಸೊಪ್ಪನ್ನು ಕೊನೆಯ ಒಂದು ನಿಮಿಷದಲ್ಲಿ ಹಾಕಿ, ಒಲೆ ಆರಿಸಿ ನಿಂಬೆರಸ ಹಿಂಡಿದರೆ ಇಬ್ಬರಿಗೆ ಸಾಕು. ಪಾಕವಿಧಾನಗಳಲ್ಲಿ ಇಂತಹ ಕಡೆ ಈರುಳ್ಳಿಯನ್ನು ಐದು ನಿಮಿಷದಲ್ಲಿ ಕಂದಾಗಿಸಿ ಎಂದು ಬರೆದಿರುತ್ತಾರೆ. ಈರುಳ್ಳಿ ನಿಜವಾಗಿ ಕಂದಾಗಿ ಸಿಹಿಯಾಗಲು ಮಂದ ಉರಿಯಲ್ಲಿ ನಲವತ್ತು ನಿಮಿಷವಾದರೂ ಬೇಕು. ಅವಸರದ ಸಂಜೆ ಈರುಳ್ಳಿ ಬೇಕೆನಿಸಿದರೆ ಹಸಿಯಾಗಿಯೇ ಸಣ್ಣಗೆ ಹೆಚ್ಚಿ ಮೇಲೆ ಉದುರಿಸುವುದು ಹೆಚ್ಚು ಪ್ರಾಮಾಣಿಕ ಉಪಾಯ.

ಇನ್ನೊಂದು ಸಂಜೆ ಒಲೆಯನ್ನೇ ಹಚ್ಚದೆ ಇರಬಹುದು. ಬೆಂದ ರಾಜ್ಮಾ, ಸೌತೆಕಾಯಿ, ಸಣ್ಣಗೆ ಹೆಚ್ಚಿದ ಎಲೆಕೋಸು, ತುರಿದ ಕ್ಯಾರೆಟ್, ಎರಡಾಗಿ ಕತ್ತರಿಸಿದ ಮೊಟ್ಟೆ ಇವುಗಳನ್ನು ಅಗಲವಾದ ಬಟ್ಟಲಿನಲ್ಲಿ ಸೇರಿಸಿ, ಶೇಂಗಾ ಗೊಜ್ಜನ್ನು ಸ್ವಲ್ಪ ನೀರಿನಿಂದ ಸಡಿಲಗೊಳಿಸಿ ಮೇಲೆ ಸುರಿದು, ಪಕ್ಕದಲ್ಲಿ ಇಡೀ ಗೋಧಿಯ ಬ್ರೆಡ್ಡಿನ ಒಂದು ತುಂಡು ಇಟ್ಟುಕೊಂಡರೆ ಊಟ ಪೂರ್ಣ. ಎಲೆಕೋಸಿಗೆ ಮೊದಲು ಉಪ್ಪು ಹಾಕಿ ಕೈಯಿಂದ ಒಂದು ನಿಮಿಷ ಕಿವುಚಿದರೆ ಅದರ ಬಿರುಸು ಇಳಿಯುತ್ತದೆ.

ಪಾಸ್ತಾ ಮಾಡುವ ದಿನ ತರಕಾರಿಗೆ ಪ್ರತ್ಯೇಕ ಪಾತ್ರೆ ಬೇಡ. ಪಾಸ್ತಾ ಬೇಯಲು ಇನ್ನು ಮೂರು ನಿಮಿಷ ಇರುವಾಗ ಹೂಕೋಸು, ಬೀನ್ಸ್, ಬಟಾಣಿಗಳನ್ನು ಅದೇ ನೀರಿಗೆ ಹಾಕಿ ಒಟ್ಟಿಗೆ ಬಸಿಯಬಹುದು. ಬಸಿಯುವ ಮುನ್ನ ಅರ್ಧ ಲೋಟ ನೀರನ್ನು ತೆಗೆದಿಟ್ಟುಕೊಳ್ಳಬೇಕು. ಅದರಲ್ಲಿ ಕರಗಿರುವ ಪಿಷ್ಟ ಎಣ್ಣೆ ಮತ್ತು ನಿಂಬೆರಸವನ್ನು ಹಿಡಿದಿಟ್ಟು ಪ್ರತಿ ತುಂಡಿಗೂ ಅಂಟುವಂತೆ ಮಾಡುತ್ತದೆ. ಹಿಂದಿನ ದಿನದ ಅನ್ನವಿದ್ದರೆ ಮೊಟ್ಟೆ ಮತ್ತು ಹೆಚ್ಚಿಟ್ಟ ತರಕಾರಿಯ ಜೊತೆ ಜೋರು ಉರಿಯಲ್ಲಿ ಏಳೆಂಟು ನಿಮಿಷ ಹುರಿಯಬಹುದು. ತಣ್ಣಗಿನ ಅನ್ನ ಉದುರುದುರಾಗಿರುವುದರಿಂದ ಬಿಸಿ ಅನ್ನಕ್ಕಿಂತ ಅದೇ ಇದಕ್ಕೆ ಒಪ್ಪುತ್ತದೆ.

ತಯಾರಿಯೇ ಆಗದ ವಾರಕ್ಕೆ ಸಿಪ್ಪೆ ತೆಗೆದ ಕೆಂಪು ಮಸೂರ ಬೇಳೆಗಿಂತ ದೊಡ್ಡ ಸ್ನೇಹಿತ ಇನ್ನೊಂದಿಲ್ಲ. ಅದಕ್ಕೆ ನೆನೆಸುವುದೂ ಬೇಡ, ಕುಕ್ಕರೂ ಬೇಡ. ಒಂದು ಲೋಟ ಬೇಳೆಗೆ ನಾಲ್ಕು ಲೋಟ ನೀರು, ತುರಿದ ಒಂದು ಕ್ಯಾರೆಟ್, ಚಿಟಿಕೆ ಅರಿಶಿನ ಹಾಕಿ ಕುದಿಯಲಿಟ್ಟರೆ ಇಪ್ಪತ್ತು ನಿಮಿಷದಲ್ಲಿ ತಾನೇ ಕರಗಿ ಗಟ್ಟಿ ಸೂಪ್ ಆಗುತ್ತದೆ, ಮತ್ತು ಆ ಇಪ್ಪತ್ತರಲ್ಲಿ ಹದಿನೈದು ನಿಮಿಷ ಅದರ ಪಕ್ಕದಲ್ಲಿ ಯಾರೂ ನಿಲ್ಲಬೇಕಾಗಿಲ್ಲ.

ಬೆಳಗಿನ ತಿಂಡಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅರ್ಧ ಲೋಟ ಓಟ್ಸ್, ಅಷ್ಟೇ ಹಾಲು, ಎರಡು ಚಮಚ ಮೊಸರು, ಒಂದು ಚಮಚ ಬೀಜಗಳನ್ನು ರಾತ್ರಿ ಸೀಸೆಯಲ್ಲಿ ಕಲಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಹಣ್ಣು ಹೆಚ್ಚಿ ಹಾಕುವುದಷ್ಟೇ ಬಾಕಿ.

ಫ್ರೀಜರ್ ಮತ್ತು ತುರ್ತಿನ ಕಪಾಟು

ಹೆಪ್ಪುಗಟ್ಟಿಸಿದ ತರಕಾರಿಯನ್ನು ಕೀಳಾಗಿ ಕಾಣುವವರು ಇನ್ನೂ ಇದ್ದಾರೆ. ಕೊಯ್ದ ಕೆಲವೇ ಗಂಟೆಗಳಲ್ಲಿ ಬಿಸಿನೀರಿನಲ್ಲಿ ಅದ್ದಿ ಹೆಪ್ಪುಗಟ್ಟಿಸಿದ ಬಟಾಣಿಯು, ಕೊಯ್ದು ನಾಲ್ಕು ದಿನ ಕಳೆದ ಬಟಾಣಿಗಿಂತ ಪೋಷಕಾಂಶದಲ್ಲಿ ಹಿಂದೆ ಬೀಳುವುದಿಲ್ಲ. ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು. ಹಾಗಾಗಿ ತಾಜಾ ತರಕಾರಿಯನ್ನು ಬಹಳ ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲುವುದರಿಂದ ಆಗುವ ನಷ್ಟವೇ ದೊಡ್ಡದು. ಹಬೆಯಲ್ಲಿ ಅಥವಾ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಮೈಕ್ರೋವೇವಿನಲ್ಲಿ ಬೇಯಿಸಿದರೆ ಅದು ಹೆಚ್ಚು ಉಳಿಯುತ್ತದೆ.

ಮನೆಯಲ್ಲಿ ಬೇಯಿಸಿದ ಕಾಳು ಮತ್ತು ಧಾನ್ಯವನ್ನು ಫ್ರೀಜರಿಗಿಡುವಾಗ ಚಪ್ಪಟೆಯಾದ ಚೀಲಗಳಲ್ಲಿ ತೆಳುವಾಗಿ ಹರಡಿಡಬೇಕು. ಗುಂಡಗಿನ ಡಬ್ಬಿಯಲ್ಲಿಟ್ಟ ಗಡ್ಡೆ ಕರಗಲು ಗಂಟೆ ಹಿಡಿದರೆ, ಒಂದು ಬೆರಳು ದಪ್ಪದ ಹಾಳೆ ಬಾಣಲೆಯಲ್ಲಿ ಐದೇ ನಿಮಿಷದಲ್ಲಿ ಕರಗುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಆಹಾರ ಕೆಡುವುದಿಲ್ಲವಾದರೂ ತಿಂಗಳುಗಳು ಕಳೆದಂತೆ ರುಚಿ ಇಳಿಯುತ್ತದೆ, ಆದ್ದರಿಂದ ಚೀಲದ ಮೇಲೆ ಹೆಸರನ್ನೂ ತಾರೀಕನ್ನೂ ಬರೆಯಬೇಕು. ಬರೆಯದೆ ನೆನಪಿನಲ್ಲಿಟ್ಟುಕೊಳ್ಳುತ್ತೇನೆ ಎಂದುಕೊಂಡು ನಾನು ಒಮ್ಮೆ ಹುರುಳಿಯೆಂದು ಕರಗಿಸಿದ್ದು ಹುರಿದ ಬದನೆಕಾಯಿಯಾಗಿತ್ತು. ಮಾಂಸ, ಮೀನುಗಳನ್ನು ಕರಗಿಸುವುದು ಫ್ರಿಜ್ಜಿನೊಳಗೇ ಆಗಬೇಕು, ಅಡುಗೆಕಟ್ಟೆಯ ಮೇಲಲ್ಲ.

ತುರ್ತಿನ ಕಪಾಟಿನಲ್ಲಿ ಐದಾರು ವಸ್ತುಗಳಿದ್ದರೆ ಸಾಕು: ಡಬ್ಬಿಯಲ್ಲಿ ಬರುವ ಬೆಂದ ಕಾಳು, ಡಬ್ಬಿ ಟೊಮೆಟೊ, ಪಾಸ್ತಾ, ಕೆಂಪು ಮಸೂರ ಬೇಳೆ, ಓಟ್ಸ್, ಶೇಂಗಾ. ಡಬ್ಬಿಯ ಕಾಳಿನಲ್ಲಿ ಉಪ್ಪು ಹೆಚ್ಚಿರುತ್ತದೆ. ಅದರ ನೀರನ್ನು ಚೆಲ್ಲಿ ನಲ್ಲಿಯ ಕೆಳಗೆ ತೊಳೆದರೆ ಸಾಕಷ್ಟು ಉಪ್ಪು ಹೋಗುತ್ತದೆ. ದಿನದ ಉಪ್ಪು ಒಟ್ಟು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವಾಗ, ಸಿದ್ಧ ಸಾಸ್ ಮತ್ತು ಸೂಪ್ ಪುಡಿಗಳನ್ನು ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿಯನ್ನು ಓದುವುದು ಅಗತ್ಯ. ಕಪಾಟಿನಿಂದ ಯಾವುದಾದರೂ ವಸ್ತುವಿನ ಕೊನೆಯ ಡಬ್ಬಿಯನ್ನು ತೆಗೆದ ಸಂಜೆಯೇ ಅದರ ಹೆಸರನ್ನು ಫ್ರಿಜ್ಜಿನ ಬಾಗಿಲ ಮೇಲಿನ ಚೀಟಿಯಲ್ಲಿ ಬರೆದುಬಿಡಬೇಕು, ಪಾತ್ರೆ ತೊಳೆಯುವುದಕ್ಕೂ ಮುಂಚೆ.